ಉಕ್ಕಿನ ನಾಲಗೆಯ ಹಳ್ಳಿಯ ಹಾಡು

ವಿದ್ಯುತ್ ರೋಧವನ್ನು ಅಳೆಯಲು ‘ವೀಟ್‌ಸ್ಟನ್ ಸೇತುವೆ’ಯನ್ನು ಬಳಸದ ಭೌತಶಾಸ್ತ್ರದ ವಿದ್ಯಾರ್ಥಿ ವಿರಳ. ಆದರೆ ಆ ಚಾರ್ಲ್ಸ್ ವೀಟ್‌ಸ್ಟನ್ನನು ವಾದ್ಯಗಳನ್ನು ತಯಾರಿಸುವ ಮನೆತನದವನೆಂಬುದನ್ನು ಬಲ್ಲವರು ಕಡಿಮೆ. ಗುಂಡಿಗಳನ್ನೊತ್ತಿ ನುಡಿಸುವ ಪುಟ್ಟ ವಾದ್ಯವೊಂದಕ್ಕೆ ಅವನು ೧೮೨೯ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದರಿಂದ ಬೆಳೆದುಬಂದುದೇ ಕನ್ಸರ್ಟಿನಾ. ಇಂಗ್ಲೆಂಡ್, ಐರ್ಲೆಂಡ್‌ಗಳ ಜಾನಪದ ಮಟ್ಟುಗಳು ಈ ವಾದ್ಯದಲ್ಲಿ ಕೇಳಲು ಬಲು ಸೊಗಸು. ಆ ಸೊಗಸಿನ ಮೂಲವೆಲ್ಲಿದೆಯೆಂಬುದನ್ನು ಪರಿಶೀಲಿಸೋಣ.

ಎರಡು ಕೈಗಳಿಗೆ ಎರಡು ಷಟ್ಕೋನಾಕಾರದ ಪೆಟ್ಟಿಗೆಗಳು. ಅವುಗಳ ನಡುವೆ ಮಡಿಕೆಯ ತಿದಿ. ಪೆಟ್ಟಿಗೆಗಳೊಳಗೆ ಸೀಳುಗಳ ಮೇಲೆ ಒಂದು ತುದಿಯಲ್ಲಿ ಬಿಗಿದ ತೆಳುವಾದ ಲೋಹದ ನಾಲಗೆಗಳಿರುತ್ತವೆ. ನಮ್ಮ ಹಾರ್ಮೋನಿಯಮ್ಮಿನಲ್ಲಿರುವುದೂ ಇಂತಹವೇ. ಗಾಳಿಯ ಒತ್ತಡದಿಂದ ಕಂಪಿಸುವ ನಾಲಗೆಯು ಸೀಳನ್ನು ತೆರೆಯುತ್ತ ಮುಚ್ಚುತ್ತ ಗಾಳಿಯನ್ನು ತುಂಡುತುಂಡಾಗಿ ಹೊರಬಿಡುತ್ತದೆ. ಈ ಬಡಿತಗಳು ಸೆಕೆಂಡಿಗೆ ೪೪೦ ಆದರೆ ಒಂದು ಸ್ವರ, ೮೮೦ ಆದರೆ ಅದರ ಮೇಲಿನ ಸ್ಥಾಯಿಯ ಸ್ವರ. ದಪ್ಪವನ್ನು ಬದಲಿಸದೆ ನಾಲಗೆಯ ಉದ್ದವನ್ನು ಅರ್ಧಕ್ಕಿಳಿಸಿದರೆ ಕಂಪನಸಂಖ್ಯೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಶ್ರುತಿಗೊಳಿಸುವ ಕುಶಲಿಯು ನಾಲಗೆಯ ತುದಿಯನ್ನು ಅರದಿಂದ ಉಜ್ಜಿ ಹಗುರಗೊಳಿಸಿದರೆ ಸ್ವರ ಏರುತ್ತದೆ. ಬುಡವನ್ನು ತೆಳುಗೊಳಿಸಿದರೆ ಬಿಗುಪು ಕುಗ್ಗಿ ಸ್ವರ ಇಳಿಯುತ್ತದೆ.

ಪ್ರತಿ ನಾಲಗೆಯೂ ಒಂದು ದಿಕ್ಕಿನ ಗಾಳಿಗೆ ಮಾತ್ರ ನುಡಿಯುವುದರಿಂದ ಪ್ರತಿಯೊಂದು ಗುಂಡಿಗೂ ಎರಡು ನಾಲಗೆಗಳು ಬೇಕು. ವೀಟ್‌ಸ್ಟನ್ನನ ‘ಇಂಗ್ಲಿಷ್’ ಕನ್ಸರ್ಟಿನಾದಲ್ಲಿ ಈ ಎರಡರ ಸ್ವರವೂ ಒಂದೇ. ಜರ್ಮನಿಯ ಕೆಮ್ನಿಟ್ಸ್ ನಗರದ ಕಾರ್ಲ್ ಊಲಿಗ್ ೧೮೩೪ರಲ್ಲಿ ರಚಿಸಿದ ಬಗೆಯಲ್ಲಿ ಅವು ಬೇರೆಬೇರೆ. ಇಂದಿನ ‘ಆಂಗ್ಲೊ’ ಕನ್ಸರ್ಟಿನಾ ಈ ಕ್ರಮವನ್ನೇ ಅನುಸರಿಸುತ್ತದೆ. ಅದರ ಒಂದು ಸಾಲಿನಲ್ಲಿ ತಿದಿಯನ್ನು ಒತ್ತಿದಾಗ ಸ, ಗ, ಪ; ಎಳೆದಾಗ ರಿ, ಮ, ದ, ನಿ. ಹೀಗಾಗಿ ಸ-ದಿಂದ ದ-ದವರೆಗೆ ಏರುವಾಗ ಪ್ರತಿ ಸ್ವರಕ್ಕೂ ತಿದಿಯ ದಿಕ್ಕು ಬದಲಾಗಬೇಕು. ಪ್ರತಿ ಬದಲಾವಣೆಯಲ್ಲಿಯೂ ಗಾಳಿ ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ನುಗ್ಗುತ್ತದೆ. ಎಳೆದು ಹಾಡುವ ಗೀತಕ್ಕೆ ಇದೊಂದು ಕೊರತೆ. ಆದರೆ ಕುಣಿಯುವವನ ಕಾಲಿಗೆ ಬೇಕಾದುದೇ ಈ ತುಯ್ತ!

ಇದಕ್ಕೆ ಪ್ರಸಿದ್ಧ ನಿದರ್ಶನ ವಿಲಿಯಂ ಕಿಂಬರ್. ೧೮೯೯ರ ಡಿಸೆಂಬರ್ ೨೬ರಂದು ಆಕ್ಸ್‌ಫರ್ಡಿನ ಬಳಿಯ ಹೆಡಿಂಗ್ಟನ್ನಿನಲ್ಲಿ ಮಾರಿಸ್ ಕುಣಿತದ ತಂಡವೊಂದು ಹೊರಟಿತ್ತು. ಅದು ಕುಣಿತದ ಕಾಲವಲ್ಲ. ಚಳಿಗೆ ಕೆಲಸ ನಿಂತು ಕೂಲಿಯಿಲ್ಲದ ಶ್ರಮಿಕರು ನಾಲ್ಕು ಕಾಸಿಗಾಗಿ ಕುಣಿಯುತ್ತಿದ್ದರು. ಇಟ್ಟಿಗೆಯ ಕೆಲಸಗಾರನಾದ ಕಿಂಬರ್ ಆಂಗ್ಲೊ ಕನ್ಸರ್ಟಿನಾ ನುಡಿಸುತ್ತಿದ್ದನು. ಅದನ್ನು ಕಂಡ ಸಂಗೀತಜ್ಞ ಸೆಸಿಲ್ ಶಾರ್ಪ್ ಅವನನ್ನು ಮರುದಿನ ಕರೆಸಿ ಮಟ್ಟುಗಳನ್ನು ಬರೆದುಕೊಂಡನು. ಮರೆಯಾಗುತ್ತಿದ್ದ ಒಂದು ಸಂಪತ್ತು ಹೀಗೆ ಕಾಗದಕ್ಕಿಳಿಯಿತು.

ಆದರೆ ಸ್ವರಲಿಪಿಯಲ್ಲಿ ಮಟ್ಟು ಉಳಿಯುವುದೇ ಹೊರತು ತಿದಿಯ ಉಸಿರು ಉಳಿಯಲಾರದು. ಅದನ್ನು ಕಿವಿಯಿಂದಲೇ ಅರಿಯಬೇಕು. ೧೯೬೧ರಲ್ಲಿ ತೀರಿಕೊಂಡ ಕಿಂಬರನ ವಾದನದ ಧ್ವನಿಮುದ್ರಿಕೆಗಳಿವೆ. ಅವಕಾಶ ದೊರೆತಾಗ ಕೇಳಿರಿ; ಸ್ವರಗಳೊಡನೆ ಅವುಗಳ ನಡುವಿನ ಬಿರುಕುಗಳನ್ನೂ ಗಮನಿಸಿರಿ. ಕುಣಿತದ ಹೆಜ್ಜೆ ಹುಟ್ಟುವುದು ಅಲ್ಲಿಯೇ.