ಪೆರ್ನಾಲ್‌ಗೂ ರಜೆ ಇಲ್ಲದ ಕಾವಲು

2012ರ ಆಗಸ್ಟ್ 15. ರಮಝಾನ್‌ನ ಕೊನೆಯ ಹತ್ತು. ಲೈಲತುಲ್ ಖದ್ರ್‌ನ ಆ ದಿನಗಳಲ್ಲಿ ಸೌದಿ ಅರಾಮ್ಕೊ ಕಂಪೆನಿಯ ಹೆಚ್ಚಿನ ನೌಕರರು ಮನೆಯಲ್ಲಿದ್ದರು. ಅದೇ ಹೊತ್ತಿಗೆ ‘ಶಮೂನ್’ ಎಂಬ ವೈರಸ್ ಕಂಪೆನಿಯ ಜಾಲಕ್ಕೆ ಬಡಿದು, ಸುಮಾರು 30,000 ಕಂಪ್ಯೂಟರ್‌ಗಳ ಮಾಹಿತಿಯನ್ನು ಅಳಿಸಿ ಹಾಕಿತು. ನಾಲ್ಕೇ ದಿನಕ್ಕೆ ಪೆರ್ನಾಲ್. ಜಾಲವನ್ನು ಮತ್ತೆ ಎಬ್ಬಿಸಲು ಕೂತವರಿಗೆ ಹಬ್ಬ ಎಲ್ಲಿಂದ ಬರಬೇಕು?

ಮನೆಯಲ್ಲಿ ಜನ ಇಲ್ಲದಾಗ ಕಳ್ಳ ಬರುವುದು ಹಳೆಯ ಮಾತು. ಸೈಬರ್ ಕಳ್ಳರೂ ಹಾಗೆಯೇ. ವಾರಾಂತ್ಯ, ಹಬ್ಬ, ನಡುರಾತ್ರಿ ನೋಡಿಯೇ ಬರುತ್ತಾರೆ. ಆದ್ದರಿಂದ ಸೈಬರ್ ಭದ್ರತೆಯವರಿಗೆ ಪಾಳಿ ತಪ್ಪದು. ಬೆಂಗಳೂರು, ದುಬೈ, ದಮ್ಮಾಮ್‌ಗಳಲ್ಲಿ ನಮ್ಮ ಮನೆಯ ಮಕ್ಕಳೂ ಈಗ ಈ ಕೆಲಸದಲ್ಲಿದ್ದಾರೆ.

‘ಎಂತ ಕಷ್ಟ ಮಾರಾಯಾ, ಎಸಿಯಲ್ಲಿ ಕೂತು ಸ್ಕ್ರೀನ್ ನೋಡುವುದಲ್ವಾ?’ ಎಂದು ಕೇಳುವವರುಂಟು. ಆ ಸ್ಕ್ರೀನಿನಲ್ಲಿ ಎಚ್ಚರಿಕೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಹೆಚ್ಚಿನವು ಸುಳ್ಳು. ಆದರೆ ಯಾವುದು ನಿಜ ಅಂತ ತಿಳಿಯಲು ಒಂದೊಂದನ್ನೂ ತೆರೆದು ನೋಡಲೇಬೇಕು. ನೂರು ದಾಳಿ ತಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ತಪ್ಪಿದರೆ ಎಲ್ಲರೂ ಕೇಳುವವರೇ. ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ನಮ್ಮ ದೇಶದ ಸರ್ಟ್-ಇನ್ ಸಂಸ್ಥೆ 2022ರಲ್ಲಿ ನಿಯಮ ತಂದಿದೆ. ನಿಯಮ ಅಗತ್ಯವೇ, ಆದರೆ ಅದರ ಒತ್ತಡ ಬೀಳುವುದು ಪಾಳಿಯಲ್ಲಿದ್ದವರ ಮೇಲೆ.

ಹೀಗೆ ದುಡಿದು ಬತ್ತಿ ಹೋಗುವುದಕ್ಕೆ ‘ಬರ್ನೌಟ್’ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದಲ್ಲ, ಕೆಲಸದಿಂದ ಬರುವ ಸ್ಥಿತಿ ಎಂದು ಗುರುತಿಸಿತು. ಲಕ್ಷಣ ಮೂರು: ತ್ರಾಣವೇ ಇಲ್ಲದಷ್ಟು ಆಯಾಸ, ಕೆಲಸದ ಬಗ್ಗೆ ಜಿಗುಪ್ಸೆ, ‘ನನ್ನಿಂದ ಏನೂ ಆಗುವುದಿಲ್ಲ’ ಎಂಬ ಭಾವನೆ.

ಇಲ್ಲಿ ನಾವೊಂದು ಮಾತು ತಿದ್ದಿಕೊಳ್ಳಬೇಕು. ದಣಿದ ಮಗನಿಗೆ ‘ಸಬರ್ ಮಾಡು ಮೋನೇ, ಒಳ್ಳೆಯ ಸಂಬಳ ಉಂಟಲ್ಲ’ ಎನ್ನುತ್ತೇವೆ. ಸಬರ್ ಎಂದರೆ ಬಾಯಿ ಮುಚ್ಚಿ ಸಹಿಸುವುದಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕುಂಟು ಎಂಬುದು ಪ್ರವಾದಿಯವರ (ಸ) ಬೋಧನೆ. ಮನಸ್ಸು ಸೋತರೆ ಅದು ಈಮಾನಿನ ಕೊರತೆಯೂ ಅಲ್ಲ.

ಮನಸ್ಸಿನ ಗಟ್ಟಿತನ ಒಬ್ಬನ ಎದೆಯಲ್ಲಿ ಮಾತ್ರ ಇರುವಂಥದ್ದಲ್ಲ. ಸಾಕಷ್ಟು ಜನ, ಸರದಿಯ ಪಾಳಿ, ನಿಜವಾದ ರಜೆ ಕೊಡಬೇಕಾದ್ದು ಕಂಪೆನಿ. ದಾಳಿಯ ನಂತರ ‘ಯಾರು ತಪ್ಪಿದ್ದು’ ಎಂಬುದಕ್ಕಿಂತ ‘ಎಲ್ಲಿ ತಪ್ಪಿತು’ ಎಂದು ಕೇಳಬೇಕಾದ್ದೂ ಅದೇ. ಮನೆಯವರಿಂದ ಆಗುವುದೂ ಉಂಟು. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಹಗಲು ನಿದ್ದೆ ಮಾಡಲು ಬಿಡಿ. ಗಲ್ಫಿನಲ್ಲಿರುವವರಿಗೆ ಕರೆ ಮಾಡಿದಾಗ ಹಣದ ಮಾತಿಗಿಂತ ಮೊದಲು ‘ನಿದ್ದೆ ಬಂತಾ?’ ಅಂತ ಕೇಳಿ.

ನಿದ್ದೆ ಬಾರದೆ, ಯಾರೊಂದಿಗೂ ಮಾತು ಬೇಡವೆನಿಸಿ ವಾರಗಳೇ ಕಳೆದರೆ ವೈದ್ಯರನ್ನು ಕಾಣಲೇಬೇಕು. ಊರಿನಲ್ಲಿರುವವರು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ಬ್ಯಾಂಕು, ಆಸ್ಪತ್ರೆ, ಮೊಬೈಲಿನ ಹಣವನ್ನು ಕಾಯುವವರು ಇವರು. ಇವರನ್ನು ಕಾಯುವ ಕೆಲಸ ಮನೆಯಿಂದಲೇ ಶುರುವಾಗಲಿ.