ಭೂಪಟದಿಂದ ಮರೆಯಾದ ನಗರ ವಿಭಾಗ

ಸೋಗಾನೆ ಎಂದೊಡನೆ ಈಗ ನೆನಪಾಗುವುದು ವಿಮಾನ ನಿಲ್ದಾಣ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ, ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ನೂರೈವತ್ತು ವರ್ಷಗಳ ಹಿಂದೆ ಇದೇ ನೆಲದ ವಿಳಾಸ ಬರೆಯುವುದಾಗಿದ್ದರೆ ಜಿಲ್ಲೆಯ ಜೊತೆಗೆ ಇನ್ನೊಂದು ಹೆಸರೂ ಬೇಕಿತ್ತು. ಅದೇ ‘ನಗರ ವಿಭಾಗ’.

ಯಾವುದು ಈ ನಗರ? ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಅದನ್ನು ಗೆದ್ದ ಹೈದರಾಲಿ ಹೈದರನಗರ ಎಂದು ಹೆಸರಿಟ್ಟ. ಕ್ರಮೇಣ ಅದು ಬರೀ ‘ನಗರ’ವಾಯಿತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ರಚನೆಯಾದ ನಾಲ್ಕು ಫೌಜುದಾರಿಗಳಲ್ಲಿ ನಗರವೂ ಒಂದು. 1860ರ ದಶಕದಲ್ಲಿ, ಬೌರಿಂಗ್ ಕಮಿಷನರಾಗಿದ್ದಾಗ, ಫೌಜುದಾರಿಗಳ ಬದಲು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾದವು. ಶಿವಮೊಗ್ಗ, ಕಡೂರು, ಚಿತ್ರದುರ್ಗ ಜಿಲ್ಲೆಗಳು ನಗರ ವಿಭಾಗಕ್ಕೆ ಸೇರಿದವು. ಹೆಸರು ನಗರದ್ದು, ಕಚೇರಿ ಮಾತ್ರ ಶಿವಮೊಗ್ಗದಲ್ಲಿ!

1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ದೊರೆಯುವ ವೇಳೆಗೆ ಈ ವಿಭಾಗಗಳು ಇಲ್ಲವಾಗಿದ್ದವು. ಕಡೂರು ಜಿಲ್ಲೆಯ ಹೆಸರೂ 1947ರಲ್ಲಿ ಚಿಕ್ಕಮಗಳೂರು ಎಂದಾಯಿತು. ಮೂರು ಜಿಲ್ಲೆಗಳಿಗೆ ಹೆಸರು ಕೊಟ್ಟ ನಗರ ಇಂದು ಹೊಸನಗರ ತಾಲ್ಲೂಕಿನ ಒಂದು ಗ್ರಾಮ. ಹಳೆಯ ವೈಭವಕ್ಕೆ ಅಲ್ಲಿನ ಕೋಟೆಯೇ ಸಾಕ್ಷಿ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸಮಾಜವಾದಿ ಪೂರ್ವ ಜರ್ಮನಿ 1952ರಲ್ಲಿ ತನ್ನ ಐದು ಪ್ರಾಂತಗಳನ್ನು ಬದಿಗೊತ್ತಿ 14 ಜಿಲ್ಲೆಗಳನ್ನು ರಚಿಸಿತು. ಅಧಿಕಾರವೆಲ್ಲ ಕೇಂದ್ರದ ಹಿಡಿತದಲ್ಲಿರಬೇಕೆಂಬುದು ಉದ್ದೇಶ. ಮರುವರ್ಷ ಕೆಮ್ನಿಟ್ಸ್ ನಗರಕ್ಕೂ ಅದರ ಜಿಲ್ಲೆಗೂ ಕಾರ್ಲ್ ಮಾರ್ಕ್ಸ್ ಹೆಸರಿಟ್ಟರು. 1990ರಲ್ಲಿ ಜರ್ಮನಿ ಒಂದಾದಾಗ ಜಿಲ್ಲೆಗಳು ಹೋಗಿ ಪ್ರಾಂತಗಳು ಮರಳಿದವು. ನಗರವೂ ಹಳೆಯ ಹೆಸರಿಗೆ ಹಿಂದಿರುಗಿತು. ಅಲ್ಲಿ 1960ರಲ್ಲಿ ಹುಟ್ಟಿದವರ ಜನನಪತ್ರದಲ್ಲಿರುವ ಊರು ಇಂದಿನ ಭೂಪಟದಲ್ಲಿ ಸಿಗದು.

ಇಂಥ ತೊಡಕು ನಮ್ಮ ಮನೆಗಳ ಪೆಟ್ಟಿಗೆಯಲ್ಲೂ ಇದ್ದೀತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದ ಅಲ್ಲಿಗೆ ಹೋದವು. ಆ ತಾಲ್ಲೂಕುಗಳ ಕುಟುಂಬವೊಂದರಲ್ಲಿ ತಂದೆಯ ಶಾಲಾ ದಾಖಲೆಯಲ್ಲಿ ಒಂದು ಜಿಲ್ಲೆ, ಮಗಳದರಲ್ಲಿ ಇನ್ನೊಂದು ಇದ್ದರೆ ಎರಡೂ ಸರಿಯೇ. 2014ರ ನಂತರ ಇಂಗ್ಲಿಷಿನಲ್ಲೂ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆಗಿದೆ.

ಆದ್ದರಿಂದ ಹಳೆಯ ಪತ್ರ ಕೈಗೆ ಸಿಕ್ಕಾಗ ಮೊದಲು ಇಸವಿ ನೋಡಬೇಕು, ಆಮೇಲೆ ಊರು. ತಾತನ ಕಾಗದದಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ ಅವರು ಕಡೂರು ಪಟ್ಟಣದವರೇ ಆಗಿರಬೇಕಿಲ್ಲ, ಮೂಡಿಗೆರೆಯವರೂ ಆಗಿರಬಹುದು. ಮಕ್ಕಳು ಮನೆಯ ಹಿರಿಯರೊಡನೆ ಕುಳಿತು ಇಂಥ ಹೆಸರುಗಳನ್ನು ಬರೆದಿಟ್ಟುಕೊಂಡರೆ ಇತಿಹಾಸದ ಪಾಠವೂ ಆಯಿತು, ಮುಂದೆ ಕಚೇರಿಗೆ ಅಲೆಯುವ ಕಷ್ಟವೂ ಸ್ವಲ್ಪ ತಪ್ಪೀತು.