ಲಿನಕ್ಸ್ ಹೊಸಬರಿಗೆ ನೆರವು: ಕೇಳುವ ಬಗೆ ತಿಳಿದರೆ ಉತ್ತರ ದೂರವಿಲ್ಲ

ನಂಜನಗೂಡು/ ತಿ. ನರಸೀಪುರ: ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಬೆರಳಚ್ಚು ಮಾಡಿಕೊಡುವ ಡಿಟಿಪಿ ಅಂಗಡಿಗಳಿಲ್ಲದ ತಾಲ್ಲೂಕು ಕೇಂದ್ರ ರಾಜ್ಯದಲ್ಲಿ ಅಪರೂಪ. ಮೈಸೂರು ಜಿಲ್ಲೆಯ ಈ ಎರಡು ಪಟ್ಟಣಗಳೂ ಇದಕ್ಕೆ ಹೊರತಲ್ಲ. ಇಂತಹ ಅಂಗಡಿಗಳಲ್ಲೂ ವಿದ್ಯಾರ್ಥಿಗಳ ಮನೆಗಳಲ್ಲೂ ದುಡಿಯುತ್ತಿರುವ ಹಳೆಯ ಕಂಪ್ಯೂಟರ್‌ಗಳ ಭವಿಷ್ಯ ಈಗ ಪ್ರಶ್ನೆಯಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಅದಿಲ್ಲದ ಯಂತ್ರದ ಒಡೆಯನಿಗೆ ಉಳಿದಿರುವ ಮಾರ್ಗಗಳಲ್ಲಿ ಕಾಸು ಖರ್ಚಿಲ್ಲದ್ದು ಲಿನಕ್ಸ್.

ಆದರೆ ಲಿನಕ್ಸ್ ಹಾಕಿದ ಮರುದಿನ ಪ್ರಿಂಟರ್ ಮುಷ್ಕರ ಹೂಡಿದರೆ ಕೇಳುವುದು ಯಾರನ್ನು? ಗಿರಾಕಿ ಎದುರಿಗೆ ಕಾಯುತ್ತಿರುವಾಗ ಮೈಸೂರಿಗೆ ಬಸ್ಸು ಹತ್ತುವುದು ಸಾಧ್ಯವಿಲ್ಲ. ಹೊಸಬರು ಹಿಂಜರಿಯುವುದು ಈ ಭಯದಿಂದಲೇ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಬೆಳೆದದ್ದೇ ಪರಸ್ಪರ ನೆರವಿನಿಂದ. ಬೆಂಗಳೂರಿನಲ್ಲಿ ಬಳಕೆದಾರರ ಗುಂಪು ಕಟ್ಟಿಕೊಂಡವರು 2001ರಲ್ಲಿ ಲಿನಕ್ಸ್ ಸಮ್ಮೇಳನವನ್ನೂ ಪ್ರಾರಂಭಿಸಿದ್ದರು. ಉಬುಂಟು ಹೊರತರುವ ಕೆನಾನಿಕಲ್ ಸಂಸ್ಥೆ 2005ರಿಂದ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳುಹಿಸುತ್ತಿತ್ತು. ಆಗ ಸಿಡಿ ಊರಿಗೆ ಬರುತ್ತಿತ್ತು, ಹೇಳಿಕೊಡುವವರು ಮಾತ್ರ ಬೆಂಗಳೂರಿನಲ್ಲೇ ಉಳಿಯುತ್ತಿದ್ದರು. ಇಂದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ಮೊದಲು ಪರೀಕ್ಷೆ, ಅನಂತರ ಸ್ಥಾಪನೆ

ಉಬುಂಟು, ಲಿನಕ್ಸ್ ಮಿಂಟ್ ಮುಂತಾದವನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಸ್ಥಾಪನೆಯ ಗುಂಡಿ ಒತ್ತದಿದ್ದರೆ ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸ್ ಹಾಗೆಯೇ ಉಳಿಯುತ್ತದೆ. ಈ ಸ್ಥಿತಿಯಲ್ಲಿ ವೈಫೈ, ಧ್ವನಿ, ಪ್ರಿಂಟರ್, ಸ್ಕ್ಯಾನರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಎಚ್‌ಪಿ ಕಂಪನಿಯ ಅನೇಕ ಪ್ರಿಂಟರ್‌ಗಳಿಗೆ ಲಿನಕ್ಸ್ ಚಾಲಕ ತಂತ್ರಾಂಶವಿದೆ. ಎಲ್ಲ ಕಂಪನಿಗಳ ಹಳೆಯ ಮಾದರಿಗಳಿಗೂ ಇದೆಯೆಂದು ನಂಬಬಾರದು. ಪೇಜ್‌ಮೇಕರ್ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಸ್ಥಾಪಿಸಲು ನಿರ್ಧರಿಸಿದ ಮೇಲೆ ಕಡತಗಳೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡುವುದು ಮೊದಲ ಕೆಲಸ.

ಎರಡನೆಯ ಗುರು ಯಂತ್ರದೊಳಗೇ ಇದ್ದಾನೆ. ಟರ್ಮಿನಲ್‌ನಲ್ಲಿ ‘ಮ್ಯಾನ್’ ಎಂದು ಬರೆದು ಪಕ್ಕದಲ್ಲಿ ಆಜ್ಞೆಯ ಹೆಸರು ಕೊಟ್ಟರೆ ಅದರ ಕೈಪಿಡಿ ತೆರೆದುಕೊಳ್ಳುತ್ತದೆ. ಅದರ ಇಂಗ್ಲಿಷ್ ಕಠಿಣವೆನಿಸಿದವರಿಗೆ ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಉಚಿತ ಪಾಠಗಳಿವೆ. ಲಿನಕ್ಸ್, ಲಿಬ್ರೆ ಆಫೀಸ್ ಕುರಿತ ಹತ್ತು ನಿಮಿಷದ ಆಸುಪಾಸಿನ ಈ ವಿಡಿಯೊಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಇದೆ. ಒಂದು ಪಕ್ಕದಲ್ಲಿ ಪಾಠ, ಇನ್ನೊಂದು ಪಕ್ಕದಲ್ಲಿ ತಾನೇ ಮಾಡಿ ನೋಡುವ ಕಿಟಕಿ, ಹೀಗೆ ಕಲಿಯುವುದು ಇದರ ಕ್ರಮ.

ಪ್ರಶ್ನೆಯಲ್ಲಿ ಏನಿರಬೇಕು?

ಇಷ್ಟಾದರೂ ತೊಡಕು ಬಿಡದಿದ್ದರೆ ಬಲ್ಲವರನ್ನು ಕೇಳಲೇಬೇಕು. ‘ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ’ ಎಂಬ ಪ್ರಶ್ನೆಗೆ ಎಂತಹ ಪರಿಣತನೂ ಉತ್ತರಿಸಲಾರ. ‘ಲಿನಕ್ಸ್ ಮಿಂಟ್ 22, ಯುಎಸ್‌ಬಿ ಪ್ರಿಂಟರ್, ಮಾದರಿ ಸಂಖ್ಯೆ ಇಂತಿಷ್ಟು, ಪುಟ ಕಳುಹಿಸಿದರೆ ಸರದಿಯಲ್ಲೇ ನಿಲ್ಲುತ್ತದೆ, ತೆರೆಯ ಮೇಲೆ ಬರುವ ಸಂದೇಶ ಹೀಗಿದೆ, ಕೇಬಲ್ ಬದಲಿಸಿ ನೋಡಿದೆ, ವಿಂಡೋಸ್‌ನಲ್ಲಿ ಮುದ್ರಣವಾಗುತ್ತದೆ’ ಎಂದು ಕೇಳಿದರೆ ಅರ್ಧ ಉತ್ತರ ಪ್ರಶ್ನೆಯಲ್ಲೇ ಸಿಕ್ಕಂತೆ. ದೋಷದ ಸಂದೇಶವನ್ನು ಸ್ವಂತ ಮಾತಿನಲ್ಲಿ ಹೇಳದೆ ಅಕ್ಷರಶಃ ನಕಲು ಮಾಡಬೇಕು.

ಎಚ್ಚರಿಕೆಯೂ ಅಗತ್ಯ. ‘ಸುಡೊ’ ಎಂದು ಆರಂಭವಾಗುವ ಆಜ್ಞೆ ಯಂತ್ರದ ಸಂಪೂರ್ಣ ಅಧಿಕಾರವನ್ನು ಚಲಾಯಿಸುತ್ತದೆ. ಅಪರಿಚಿತರೇ ಆಗಲಿ, ಕೃತಕ ಬುದ್ಧಿಮತ್ತೆಯ ತಂತ್ರಾಂಶವೇ ಆಗಲಿ ಹೇಳಿಕೊಟ್ಟ ಅಂತಹ ಸಾಲನ್ನು ಅರ್ಥ ತಿಳಿಯದೆ ಒತ್ತಿದರೆ ವರ್ಷಗಳ ಕಡತಗಳು ಕ್ಷಣದಲ್ಲಿ ಅಳಿಸಿಹೋಗಬಹುದು.

ನಮ್ಮವರೇ ಬಿಡಿಸಬೇಕಾದ ಗಂಟು

ಹೊರದೇಶದ ಪರಿಣತರಿಗೂ ಸುಲಭವಾಗಿ ತಿಳಿಯದ ತೊಡಕೊಂದಿದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತವನ್ನು ಲಿನಕ್ಸ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ‘ಲಿನಕ್ಸ್‌ಗೆ ಕನ್ನಡ ಬರುವುದಿಲ್ಲ’ ಎಂದು ಹಲವರು ಕೈಬಿಡುವುದು ಇಲ್ಲಿಯೇ. ವಾಸ್ತವದಲ್ಲಿ ಆ ಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಲಿನಕ್ಸ್ ಬಳಸುವುದು ಯೂನಿಕೋಡ್ ಕನ್ನಡವನ್ನು. ಹಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ತಪ್ಪುಗಳನ್ನು ತಿದ್ದಿಕೊಂಡರಾಯಿತು. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸವೂ ಇರುವುದರಿಂದ ನುಡಿಗೆ ಒಗ್ಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ.

ಈ ಗಂಟನ್ನು ಬಿಡಿಸಿಕೊಡಬಲ್ಲವರು ಹತ್ತಿರದಲ್ಲೇ ಇರಬಹುದು. 2010ರ ದಶಕದಲ್ಲಿ ರಾಜ್ಯದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದಡಿ ಸರ್ಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ಉಬುಂಟು ಬಳಸಿ ತರಬೇತಿ ಪಡೆದಿದ್ದಾರೆ. ಊರಿನ ಗಣಿತ, ವಿಜ್ಞಾನ ಮೇಷ್ಟರನ್ನು ಒಮ್ಮೆ ವಿಚಾರಿಸಿ ನೋಡಲು ಅಡ್ಡಿಯಿಲ್ಲ.

ನೆರೆಯ ಕೇರಳದ ಅನುಭವವೂ ಇದನ್ನೇ ಹೇಳುತ್ತದೆ. 2001ರಲ್ಲಿ ಆರಂಭವಾದ ಅಲ್ಲಿನ ಐಟಿ ಶಿಕ್ಷಣ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳು ತಾಂತ್ರಿಕ ಕೆಲಸಗಳಲ್ಲಿ ಶಾಲೆಗೆ ನೆರವಾಗುವಂತೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿವೆ. ಅಲ್ಲಿ ಕಲಿಯುವವರೇ ಕಲಿಸುವವರೂ ಆಗುತ್ತಿದ್ದಾರೆ.

ಊರಿಗೊಬ್ಬ ಪರಿಣತ ಬರಲಿ ಎಂದು ಕಾಯಬೇಕಾಗಿಲ್ಲ. ಇಬ್ಬರು ಒಟ್ಟಿಗೆ ಆರಂಭಿಸಿದರೂ ಸಾಕು. ಸಿಕ್ಕ ಪರಿಹಾರವನ್ನು ಒಂದು ನೋಟ್ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಂಡರೆ, ಮೂರನೆಯವನು ಬಂದು ಕೇಳುವ ಹೊತ್ತಿಗೆ ಉತ್ತರ ಊರಿನಲ್ಲೇ ಸಿದ್ಧವಾಗಿರುತ್ತದೆ.